ಕಳಚಿಟ್ಟ ಪ್ರತಿ

ಆಫೀಸಿನ ಫೈಲ್ ಸರ್ವರಿಗೆ ಬ್ಯಾಕಪ್ ಸಾಧನ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಟಿಬಿ, ಎಷ್ಟು ರೂಪಾಯಿ ಎಂದು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಭಾಗದಲ್ಲಿ ಈಚಿನ ಎರಡು ದಶಕಗಳಲ್ಲಿ ನಡೆದದ್ದನ್ನು ನೋಡಿದರೆ ಮೊದಲು ಕೇಳಬೇಕಾದದ್ದು ಬೇರೆ: ಅದನ್ನು ಸರ್ವರಿನಿಂದ ಕಳಚಿ ಇನ್ನೊಂದು ಊರಿಗೆ ಒಯ್ಯಬಹುದೇ? 2000ರಲ್ಲಿ ಬಂದ ಮೊದಲ ತಲೆಮಾರಿನ ಎಲ್‌ಟಿಒ ಬ್ಯಾಕಪ್ ಟೇಪು 100 ಜಿಬಿ ಹಿಡಿಸುತ್ತಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರ್ಧ ಇಂಚಿನ ಸುರುಳಿ, ಅಂಚಿನಲ್ಲೊಂದು ಪುಟ್ಟ ಗುಂಡಿ. ಅದನ್ನು ಸರಿಸಿದರೆ ಟೇಪಿನ ಮೇಲೆ ಮತ್ತೆ ಬರೆಯಲಾಗದು. ಡ್ರೈವ್ ಒಂದೇ, ಟೇಪು ಹಲವು. ಹಾಗಾಗಿ ತುಂಬಿದ್ದನ್ನು ಹೊರತೆಗೆಯಲೇಬೇಕು, ತೆಗೆದದ್ದನ್ನು ಎಲ್ಲಾದರೂ ಇಡಲೇಬೇಕು. ಇದರಲ್ಲಿ ಯಾರ ಜಾಣತನವೂ ಇರಲಿಲ್ಲ, ಯಂತ್ರವೇ ಹಾಗೆ ಮಾಡಿಸುತ್ತಿತ್ತು. ಹಾರ್ಡ್ ಡಿಸ್ಕ್ ಅಗ್ಗವಾಗಿ, ಸದಾ ನೆಟ್‌ವರ್ಕಿಗೆ ಅಂಟಿಕೊಂಡಿರುವ ನಾಸ್ ಪೆಟ್ಟಿಗೆ ಬಂದ ಮೇಲೆ ದಿನದ ಕಿರಿಕಿರಿ ತಪ್ಪಿತು. ಕಳಚಿಡುವ ರೂಢಿಯೂ ಅದರ ಜೊತೆಗೇ ತಪ್ಪಿತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು. ಉಲ್ಹಾಸ್ ನದಿ ಉಕ್ಕಿ ಕಲ್ಯಾಣದ ತಗ್ಗು ಪ್ರದೇಶಗಳು ಮುಳುಗಿದವು. ನೆಲಮಹಡಿಯಲ್ಲಿ ಸರ್ವರ್, ಪಕ್ಕದ ಕಪಾಟಿನಲ್ಲಿ ಅದರ ಬ್ಯಾಕಪ್ ಇದ್ದರೆ ಇಂಥ ನೀರಿಗೆ ಎರಡೂ ಒಂದೇ. 2017ರ ಜೂನ್ 27ರಂದು ಬಂದ ಪೆಟ್ಟು ನೀರಿನದಲ್ಲ. ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಮೇರ್ಸ್ಕ್ ಹಡಗು ಕಂಪನಿಗೆ ಹೊಕ್ಕು, ನವಿಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಟರ್ಮಿನಲ್ಲಿನ ಕೆಲಸ ಕೆಡಿಸಿತು. ಕಂಪನಿಯ ಡೊಮೈನ್ ಕಂಟ್ರೋಲರುಗಳು, ಅಂದರೆ ಯಾರು ಒಳಬರಬಹುದೆಂದು ನಿರ್ಧರಿಸುವ ಸರ್ವರುಗಳು, ಪರಸ್ಪರ ನಕಲು ಮಾಡಿಕೊಳ್ಳುತ್ತ ಒಂದಕ್ಕೊಂದು ಬ್ಯಾಕಪ್ಪಿನಂತಿದ್ದವು. ಎಲ್ಲವೂ ಅಳಿಸಿಹೋಗಿ ಘಾನಾದ ಒಂದು ಮಾತ್ರ ಉಳಿಯಿತು, ಅದೂ ಕರೆಂಟು ಹೋಗಿ ನೆಟ್‌ವರ್ಕಿನಿಂದ ಹೊರಗಿದ್ದುದರಿಂದ. ಕರೆಂಟು ಕೈಕೊಟ್ಟದ್ದಕ್ಕೆ ಕೈಮುಗಿಯಬೇಕಾದ ಅಪರೂಪದ ಪ್ರಸಂಗ!

ನಾಸ್‌ನಲ್ಲಿ ರೇಡ್ ಇದೆಯಲ್ಲ ಎನ್ನುವವರುಂಟು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮಂಡಿಸಿದ ರೇಡ್, ಡಿಸ್ಕೊಂದು ಕೆಟ್ಟರೂ ಕೆಲಸ ನಿಲ್ಲದಿರಲಿ ಎಂದು; ನೀವು ಅಳಿಸಿದ ಫೈಲನ್ನು ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಿಂದಲೂ ಅಳಿಸುತ್ತದೆ. ಕ್ಲೌಡ್ ವಾದಕ್ಕೆ ಹೆಚ್ಚು ತೂಕವಿದೆ. ಐರೋಲಿ, ಮಹಾಪೆಯ ಡೇಟಾ ಸೆಂಟರುಗಳು ಕೂಗಳತೆಯಲ್ಲೇ ಇವೆ. 2022ರ ಆಗಸ್ಟಿನ ತಿದ್ದುಪಡಿಯಂತೆ ಕಂಪನಿಗಳ ಎಲೆಕ್ಟ್ರಾನಿಕ್ ಲೆಕ್ಕಪತ್ರದ ಬ್ಯಾಕಪ್ ದಿನವೂ ಭಾರತದೊಳಗಿನ ಸರ್ವರಿಗೆ ಹೋಗಬೇಕು. ವಾರಕ್ಕೊಮ್ಮೆ ಡಿಸ್ಕಿಗೆ ಇಳಿಸಿದರೆ ಅಂಥ ಕಂಪನಿಗಳಿಗೆ ಸಾಲದು. ಆದರೆ ಸರ್ವರಿನ ಪಾಸ್‌ವರ್ಡೇ ಕ್ಲೌಡಿಗೂ ಇದ್ದರೆ ಕಳ್ಳನಿಗೆ ಎರಡು ಮನೆಗೆ ಒಂದೇ ಕೀಲಿ ಕೊಟ್ಟಂತೆ. ಹಾಗಾದರೆ ಮತ್ತೆ ಟೇಪಿಗೇ ಹೋಗಬೇಕೇ? 2021ರ ಎಲ್‌ಟಿಒ-9 ಟೇಪಿಗೆ 18 ಟಿಬಿ ಹಿಡಿಸುತ್ತದೆ ನಿಜ, ಡ್ರೈವಿನ ಬೆಲೆ ಮಾತ್ರ ಲಕ್ಷಗಳಲ್ಲಿ. ಮೇಲಾಗಿ ಒಣ ಹವೆ ಬಯಸುವ ಟೇಪನ್ನು ಕೊಂಕಣದ ಮಳೆಗಾಲದಲ್ಲಿ ಜೋಪಾನ ಮಾಡುವುದು ಬೇರೆ ಕೆಲಸ. ಹತ್ತು ಮಂದಿಯ ಆಫೀಸಿಗೆ ಅದು ದುಂದು. ನಾಸ್ ಇರಲಿ, ಜೊತೆಗೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇರಲಿ: ಒಂದು ಡೊಂಬಿವಲಿಯ ಆಫೀಸಿನಲ್ಲಿ, ಇನ್ನೊಂದು ಥಾಣೆಯ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಲೋಕಲ್ ರೈಲಿನಲ್ಲಿ ಕಳೆದುಹೋದೀತೆಂಬ ಭಯ ಸಕಾರಣವೇ. ಅದಕ್ಕೆಂದೇ ಎನ್‌ಕ್ರಿಪ್ಷನ್ ಇದೆ. ಜೂನ್ ಮಳೆ ಹಿಡಿಯುವ ಮೊದಲು ಆ ಡಿಸ್ಕಿನಿಂದ ಒಂದು ಫೋಲ್ಡರನ್ನಾದರೂ ಮರಳಿ ತೆಗೆದು, ತೆರೆದು ನೋಡಿ.