ವಿದ್ಯಾರ್ಥಿನಿಲಯಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರಿಗೆ ಪೂರ್ವಸಿದ್ಧತಾ ಮಾಹಿತಿ

ಪೀಠಿಕೆ

ಮೆಟ್ರಿಕ್ ನಂತರದ ವ್ಯಾಸಂಗಕ್ಕಾಗಿ ಸ್ವಂತ ಊರು ಬಿಟ್ಟು ತೆರಳುವ ವಿದ್ಯಾರ್ಥಿಗಳಿಗಾಗಿ ರಾಜ್ಯದಲ್ಲಿ ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಹಾಗೂ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ಇವಲ್ಲದೆ ವಿಶ್ವವಿದ್ಯಾಲಯಗಳು ಮತ್ತು ಅನೇಕ ಕಾಲೇಜುಗಳು ತಮ್ಮ ಆವರಣದಲ್ಲಿಯೇ ವಸತಿ ಸೌಲಭ್ಯ ಹೊಂದಿವೆ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ವಿದ್ಯಾರ್ಥಿಗೆ ನಿಲಯದ ಸ್ಥಾನವು ಕೇವಲ ಅನುಕೂಲವಲ್ಲ. ಅದಿಲ್ಲದೆ ವ್ಯಾಸಂಗವೇ ಮುಂದುವರಿಯದ ಸಂದರ್ಭಗಳು ಹಲವು.

ಆಯ್ಕೆ ಪಟ್ಟಿಯಲ್ಲಿ ಹೆಸರು ಪ್ರಕಟವಾದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುವುದು ವಾಡಿಕೆ. ಆದರೆ ದೊರೆತ ಸ್ಥಾನವನ್ನು ಮೊದಲ ಕೆಲವು ವಾರಗಳಲ್ಲಿಯೇ ತೊರೆದು ಊರಿಗೆ ಮರಳುವ ವಿದ್ಯಾರ್ಥಿಗಳೂ ಇದ್ದಾರೆ. ತೆರವಾದ ಸ್ಥಾನವು ಬೇರೊಬ್ಬರಿಗೆ ಹಂಚಿಕೆಯಾದ ಮೇಲೆ ಅದೇ ವರ್ಷ ಮತ್ತೆ ದೊರೆಯುವ ಭರವಸೆ ಇರುವುದಿಲ್ಲ. ಇಂತಹ ಸಂದರ್ಭಗಳನ್ನು ಬಹುಮಟ್ಟಿಗೆ ತಪ್ಪಿಸಲು ಸಾಧ್ಯವಿದ್ದು, ಅದಕ್ಕೆ ಬೇಕಾದ ಸಿದ್ಧತೆ ಮನೆಯಲ್ಲಿಯೇ ಆಗತಕ್ಕದ್ದು. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

1. ದಾಖಲೆಗಳು

ನಿಲಯಕ್ಕೆ ಹೊರಡುವ ಮುನ್ನ ಈ ಕೆಳಗಿನ ದಾಖಲೆಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳುವುದು:

ಅ) ಎಸ್.ಎಸ್.ಎಲ್.ಸಿ. ಹಾಗೂ ನಂತರದ ತರಗತಿಗಳ ಅಂಕಪಟ್ಟಿಗಳು
ಆ) ವರ್ಗಾವಣೆ ಪ್ರಮಾಣಪತ್ರ ಹಾಗೂ ಕಾಲೇಜಿನ ಪ್ರವೇಶ ಶುಲ್ಕದ ರಸೀದಿ
ಇ) ನಾಡಕಚೇರಿಯಿಂದ ಪಡೆದ ಜಾತಿ ಹಾಗೂ ಆದಾಯ ಪ್ರಮಾಣಪತ್ರ
ಈ) ಆಧಾರ್ ಪತ್ರ ಹಾಗೂ ಬ್ಯಾಂಕ್ ಪಾಸ್ ಪುಸ್ತಕ
ಉ) ಇತ್ತೀಚಿನ ಭಾವಚಿತ್ರಗಳು

ಪ್ರವೇಶದ ಸಮಯದಲ್ಲಿ ಕೆಲವು ಮೂಲ ದಾಖಲೆಗಳನ್ನು ಕಾಲೇಜು ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ದಾಖಲೆಯ ಕನಿಷ್ಠ 5 ಜೆರಾಕ್ಸ್ ಪ್ರತಿಗಳನ್ನು ಮೊದಲೇ ಮಾಡಿಸಿ, ಒಂದು ಜೊತೆಯನ್ನು ಮನೆಯಲ್ಲಿ ಬಿಡುವುದು ಸೂಕ್ತ. ಜಾತಿ ಹಾಗೂ ಆದಾಯ ಪ್ರಮಾಣಪತ್ರದಲ್ಲಿರುವ ಆರ್.ಡಿ. ಸಂಖ್ಯೆಯನ್ನು ಆನ್‌ಲೈನ್ ಅರ್ಜಿಗಳಲ್ಲಿ ಪದೇ ಪದೇ ನಮೂದಿಸಬೇಕಾಗುವುದರಿಂದ ಅದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು.

ಆಧಾರ್ ಪತ್ರದಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದಲ್ಲಿ ವಿದ್ಯಾರ್ಥಿವೇತನದ ಅರ್ಜಿ ಮುಂದುವರಿಯಲು ತೊಡಕಾಗುತ್ತದೆ. ಇನಿಷಿಯಲ್ ಒಂದರಲ್ಲಿ ಮುಂದೆ, ಮತ್ತೊಂದರಲ್ಲಿ ಹಿಂದೆ ಇರುವುದನ್ನೂ ಉಪೇಕ್ಷಿಸಬಾರದು. ತಿದ್ದುಪಡಿಯನ್ನು ಊರಿನಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಸುಲಭ.

2. ಹಣಕಾಸು

ವಿದ್ಯಾರ್ಥಿವೇತನವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಖಾತೆ ಇದ್ದರೆ ಸಾಲದು. ಸದರಿ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಆಧಾರಿಗೆ ನೋಂದಾಯಿಸಿರುವ ಮೊಬೈಲ್ ಸಂಖ್ಯೆಯು ತಂದೆಯವರ ಬಳಿ ಊರಿನಲ್ಲಿಯೇ ಉಳಿದಿದ್ದರೆ, ಅರ್ಜಿ ತುಂಬುವಾಗ ಬರುವ ಓಟಿಪಿ ಸಂಖ್ಯೆಯೂ ಊರಿಗೇ ಹೋಗುತ್ತದೆ. ತಂದೆ ಹೊಲದಲ್ಲಿ ಅಥವಾ ಕೂಲಿ ಕೆಲಸದಲ್ಲಿರುವ ವೇಳೆಯಲ್ಲಿ ಈ ಸಂಖ್ಯೆ ದೊರೆಯದೆ ಅರ್ಜಿಯ ಕೊನೆಯ ದಿನಾಂಕ ತಪ್ಪಿಹೋಗುವ ಸಂಭವವುಂಟು. ವಿದ್ಯಾರ್ಥಿಯ ಬಳಿ ಇರುವ ಸಂಖ್ಯೆಯನ್ನೇ ಆಧಾರಿಗೆ ನೋಂದಾಯಿಸುವುದು ಇದಕ್ಕೆ ಪರಿಹಾರ.

ವಿದ್ಯಾರ್ಥಿವೇತನವು ಸೇರಿದ ತಿಂಗಳಿನಲ್ಲಿಯೇ ಕೈಸೇರುವುದೆಂದು ಲೆಕ್ಕ ಹಾಕಬಾರದು. ನೋಟುಪುಸ್ತಕ, ರೆಕಾರ್ಡ್ ಪುಸ್ತಕ, ಬಸ್ ಪ್ರಯಾಣ, ಸೋಪು, ಕ್ಷೌರ, ಪರೀಕ್ಷಾ ಶುಲ್ಕ ಮುಂತಾದವುಗಳಿಗೆ ಮೊದಲ ಕೆಲವು ತಿಂಗಳ ವೆಚ್ಚವನ್ನು ಪೋಷಕರು ಮೊದಲೇ ಹೊಂದಿಸಿಕೊಳ್ಳುವುದು ಉತ್ತಮ. ಪ್ರತಿ ತಿಂಗಳು ಎಷ್ಟು ಹಣ, ಯಾವ ದಿನಾಂಕದಂದು ಕಳುಹಿಸಲಾಗುವುದು ಎಂಬುದನ್ನು ಮುಂಚಿತವಾಗಿ ಮಾತನಾಡಿಕೊಂಡಲ್ಲಿ ವಿದ್ಯಾರ್ಥಿಯು ಸಹಪಾಠಿಗಳಲ್ಲಿ ಸಾಲ ಮಾಡುವುದು ತಪ್ಪುತ್ತದೆ. ಎಟಿಎಂ ಪಿನ್ ಹಾಗೂ ಓಟಿಪಿ ಸಂಖ್ಯೆಗಳನ್ನು ಕೊಠಡಿಯ ಗೆಳೆಯರಿಗೂ ತಿಳಿಸಬಾರದು.

ಪ್ರತಿದಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗಬೇಕಾದವರು ರಸ್ತೆ ಸಾರಿಗೆ ನಿಗಮದ ವಿದ್ಯಾರ್ಥಿ ಪಾಸಿಗೆ ಅರ್ಜಿ ಸಲ್ಲಿಸಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ವಿದ್ಯಾರ್ಥಿನಿಯರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯವಿದೆ. ವಿಳಾಸವುಳ್ಳ ಗುರುತಿನ ಚೀಟಿಯನ್ನು ಜೊತೆಯಲ್ಲಿರಿಸಿಕೊಳ್ಳುವುದು.

3. ಕೊಂಡೊಯ್ಯಬೇಕಾದ ಸಾಮಗ್ರಿಗಳು

ಮಂಚ, ಹಾಸಿಗೆ, ಹೊದಿಕೆಗಳ ಪೈಕಿ ನಿಲಯದಲ್ಲಿ ಏನೇನು ಒದಗಿಸಲಾಗುತ್ತದೆ ಎಂಬುದನ್ನು ನಿಲಯ ಮೇಲ್ವಿಚಾರಕರಿಂದ ತಿಳಿದುಕೊಂಡು, ಉಳಿದವುಗಳನ್ನು ಮಾತ್ರ ತರುವುದು. ಸಾಮಾನ್ಯವಾಗಿ ಬೀಗವಿರುವ ಟ್ರಂಕು, ಬಕೆಟ್ಟು, ಚೊಂಬು, ತಟ್ಟೆ, ಲೋಟ, ಟಾರ್ಚು, ಸೂಜಿ ದಾರ ಹಾಗೂ ಬಟ್ಟೆ ಒಣಹಾಕುವ ಹಗ್ಗ ಅವಶ್ಯಕ. ಬೀಗದ ಎರಡನೆಯ ಕೀಲಿಯನ್ನು ಟ್ರಂಕಿನೊಳಗೆ ಇಡದೆ ಬೇರೆಡೆ ಇಡತಕ್ಕದ್ದು. ಚಿನ್ನದ ಒಡವೆಗಳನ್ನು ತರಬಾರದು. ವಿದ್ಯಾರ್ಥಿನಿಯರು ಮುಟ್ಟಿನ ದಿನಗಳಿಗೆ ಬೇಕಾದ ಪ್ಯಾಡುಗಳನ್ನು ಕನಿಷ್ಠ ಎರಡು ತಿಂಗಳಿಗೆ ಸಾಕಾಗುವಷ್ಟು ತರುವುದು ಒಳ್ಳೆಯದು.

ಆಸ್ತಮಾ, ಮೂರ್ಛೆರೋಗ ಅಥವಾ ನಿಯಮಿತವಾಗಿ ಔಷಧಿ ಸೇವಿಸಬೇಕಾದ ಯಾವುದೇ ಕಾಯಿಲೆ ಇದ್ದಲ್ಲಿ, ಅದನ್ನು ಮುಚ್ಚಿಡದೆ ಮೇಲ್ವಿಚಾರಕರಿಗೂ ಕೊಠಡಿಯ ಒಬ್ಬ ಸಹವಾಸಿಗೂ ತಿಳಿಸತಕ್ಕದ್ದು. ಮಧ್ಯರಾತ್ರಿಯಲ್ಲಿ ತೊಂದರೆಯಾದಾಗ ನೆರವಿಗೆ ಬರುವವರು ಅವರೇ.

4. ಮನೆಯಲ್ಲಿಯೇ ರೂಢಿಸಿಕೊಳ್ಳಬೇಕಾದ ಕೆಲಸಗಳು

ಟ್ರಂಕು ತುಂಬುವುದು ಒಂದು ದಿನದ ಕೆಲಸ. ಅಭ್ಯಾಸಗಳಿಗೆ ಒಂದು ತಿಂಗಳಾದರೂ ಬೇಕು. ಹೊರಡುವ ಒಂದು ತಿಂಗಳ ಮೊದಲಿನಿಂದ ವಿದ್ಯಾರ್ಥಿಯು, ಹುಡುಗನಾಗಲಿ ಹುಡುಗಿಯಾಗಲಿ, ಈ ಕೆಲಸಗಳನ್ನು ಸ್ವತಃ ಮಾಡುವುದು ಉಪಯುಕ್ತ:

ಅ) ತನ್ನ ಬಟ್ಟೆಗಳನ್ನು ತಾನೇ ಒಗೆದು, ಒಣಗಿಸಿ, ಮಡಚಿಡುವುದು
ಆ) ಉಂಡ ತಟ್ಟೆಯನ್ನು ತೊಳೆಯುವುದು, ಮಲಗುವ ಜಾಗವನ್ನು ಗುಡಿಸುವುದು
ಇ) ಯಾರೂ ಎಬ್ಬಿಸದೆ ನಿಗದಿತ ವೇಳೆಗೆ ಏಳುವುದು
ಈ) ಬ್ಯಾಂಕಿಗೆ ಒಬ್ಬರೇ ಹೋಗಿ ಚಲನ್ ತುಂಬಿ ವ್ಯವಹರಿಸುವುದು
ಉ) ಖರ್ಚಿನ ಲೆಕ್ಕವನ್ನು ದಿನಂಪ್ರತಿ ಬರೆದಿಡುವುದು
ಊ) ರಜೆ ಕೋರಿ ಅಥವಾ ಕುಂದುಕೊರತೆ ತಿಳಿಸಿ ಒಂದು ಪುಟದ ಮನವಿ ಬರೆಯುವುದು

ಕೊನೆಯ ಅಂಶವು ಸಣ್ಣದೆಂದು ತೋರಬಹುದು. ಆದರೆ ಬಾಯಿಮಾತಿನಲ್ಲಿ ಹೇಳಿದ ದೂರಿಗಿಂತ ದಿನಾಂಕ ಹಾಕಿ, ಸಹಿ ಮಾಡಿ, ಸ್ವೀಕೃತಿ ಪಡೆದ ಮನವಿಗೆ ಕಚೇರಿಯಲ್ಲಿ ಹೆಚ್ಚಿನ ಬೆಲೆಯಿದೆ.

5. ಊಟ ಮತ್ತು ಹವಾಮಾನ

ರಾಜ್ಯದೊಳಗೆಯೇ ಊಟದ ಕ್ರಮ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ. ಜೋಳದ ರೊಟ್ಟಿ ಉಂಡು ಬೆಳೆದ ಬೀದರ್ ಅಥವಾ ವಿಜಯಪುರದ ವಿದ್ಯಾರ್ಥಿಗೆ ಮಂಡ್ಯದ ರಾಗಿ ಮುದ್ದೆಯಾಗಲಿ, ಕರಾವಳಿಯ ಕುಚ್ಚಲಕ್ಕಿ ಅನ್ನವಾಗಲಿ ಮೊದಲಿಗೆ ಒಗ್ಗದಿರಬಹುದು. ಹಾಗೆಂದು ಊಟ ಬಿಟ್ಟು ಹೊರಗಿನ ತಿಂಡಿಯನ್ನು ಅವಲಂಬಿಸಿದರೆ ಹಣವೂ ಆರೋಗ್ಯವೂ ಕೆಡುತ್ತದೆ. ಮನೆಯಿಂದ ಚಟ್ನಿಪುಡಿ, ಉಪ್ಪಿನಕಾಯಿ ಕೊಂಡೊಯ್ದಲ್ಲಿ ಹೊಸ ಊಟಕ್ಕೆ ಹೊಂದಿಕೊಳ್ಳುವುದು ಸುಲಭವಾಗುತ್ತದೆ. ಇಲಾಖಾ ನಿಲಯಗಳಲ್ಲಿ ವಾರದ ಊಟದ ಪಟ್ಟಿಯನ್ನು ಗೋಡೆಯ ಮೇಲೆ ಪ್ರದರ್ಶಿಸಲಾಗುತ್ತದೆ. ಪಟ್ಟಿಯಂತೆ ಊಟ ದೊರೆಯದಿದ್ದಲ್ಲಿ ವಿದ್ಯಾರ್ಥಿಗಳನ್ನೊಳಗೊಂಡ ಆಹಾರ ಸಮಿತಿಯ ಮೂಲಕ ಲಿಖಿತವಾಗಿ ತಿಳಿಸಬಹುದು. ಭೋಜನ ವೆಚ್ಚವನ್ನು ಹಾಜರಾತಿಯ ಆಧಾರದ ಮೇಲೆ ಲೆಕ್ಕ ಹಾಕಲಾಗುವುದರಿಂದ, ತಿಳಿಸದೆ ಊರಿಗೆ ಹೋಗುವುದು ಇತರ ನಿಲಯಾರ್ಥಿಗಳಿಗೂ ತೊಂದರೆ ಉಂಟುಮಾಡುತ್ತದೆ.

ಹವಾಮಾನವನ್ನೂ ಗಮನಿಸುವುದು. ಮಂಗಳೂರು ಸಮೀಪದ ಕೊಣಾಜೆಯ ಮಂಗಳಗಂಗೋತ್ರಿಯಂತಹ ಕರಾವಳಿಯ ಆವರಣಗಳಲ್ಲಿ ವಾರ್ಷಿಕ ಮಳೆ 3,000 ಮಿಲಿಮೀಟರಿಗೂ ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬಟ್ಟೆ ಒಣಗಲು ದಿನಗಳೇ ಬೇಕಾಗುವುದರಿಂದ ಕೊಡೆಯೊಂದಿಗೆ ಒಂದೆರಡು ಜೊತೆ ಹೆಚ್ಚಿನ ಬಟ್ಟೆ ಬೇಕು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಗೆ ಹೋಗುವ ಮಲೆನಾಡಿನ ವಿದ್ಯಾರ್ಥಿಗಳು ಹತ್ತಿ ಬಟ್ಟೆ ಹಾಗೂ ದೊಡ್ಡ ನೀರಿನ ಬಾಟಲಿ ಇರಿಸಿಕೊಳ್ಳುವುದು.

6. ಮೊದಲ ತಿಂಗಳು ಮತ್ತು ಪೋಷಕರ ಪಾತ್ರ

ಮನೆಯ ನೆನಪು ಕಾಡುವುದು ಸಹಜ. ನಿದ್ರೆ ಬಾರದಿರುವುದು, ಸಂಜೆಯ ವೇಳೆ ಅಳು ಬರುವುದು, ತನ್ನೊಬ್ಬನಿಗೇ ಹೀಗಾಗುತ್ತಿದೆ ಎಂದೆನಿಸುವುದು ದೌರ್ಬಲ್ಯದ ಲಕ್ಷಣಗಳಲ್ಲ. ಪಕ್ಕದ ಮಂಚದಲ್ಲಿ ಮಲಗಿದವನ ಸ್ಥಿತಿಯೂ ಹಲವು ವೇಳೆ ಅದೇ ಆಗಿರುತ್ತದೆ, ಇಬ್ಬರೂ ಹೇಳಿಕೊಂಡಿರುವುದಿಲ್ಲ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ತಗ್ಗುತ್ತದೆ.

ಮಗುವು ದೂರವಾಣಿಯಲ್ಲಿ ಅತ್ತಾಗ ಕೂಡಲೇ ಊರಿಗೆ ಬಂದುಬಿಡು ಎನ್ನುವುದೂ, ಅಳಬೇಡವೆಂದು ಗದರಿಸಿ ಕರೆ ಮುಗಿಸುವುದೂ ಸರಿಯಲ್ಲ. ಪೋಷಕರು ಮೊದಲು ನಾಲ್ಕು ವಿಷಯಗಳನ್ನು ನಿಧಾನವಾಗಿ ವಿಚಾರಿಸುವುದು: ಊಟವಾಯಿತೇ, ನಿದ್ರೆ ಬರುತ್ತಿದೆಯೇ, ತರಗತಿಗೆ ಹೋಗಲಾಯಿತೇ, ಕೊಠಡಿಯಲ್ಲಿ ಮಾತನಾಡುವವರು ಯಾರು. ಹಗಲಿನಲ್ಲಿ ತರಗತಿಗೆ ಹೋಗಿ, ಉಂಡು, ರಾತ್ರಿ ಮಾತ್ರ ಬೇಸರಪಡುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಬೇಕಾಗಿರುವುದು ಧೈರ್ಯದ ಮಾತು. ಮೊದಲ ಬಾರಿ ಊರಿಗೆ ಬರುವ ದಿನಾಂಕವನ್ನು ಹೊರಡುವ ಮುನ್ನವೇ ನಿಗದಿಪಡಿಸಿದ್ದರೆ, ಆ ದಿನವನ್ನು ಎಣಿಸುತ್ತಾ ಕಾಲ ಕಳೆಯುವುದು ಸುಲಭವಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಮಗು ಏಕಾಏಕಿ ಮಾತು ಕಡಿಮೆ ಮಾಡಿದರೆ, ಕಾರಣ ಹೇಳದೆ ಪದೇ ಪದೇ ಹಣ ಕೇಳಿದರೆ, ಕೊಠಡಿಗೆ ಹೋಗಲು ಹೆದರಿದರೆ, ಮೈಮೇಲೆ ಗಾಯಗಳಿದ್ದರೆ ಅಥವಾ ಬದುಕು ಬೇಡವೆಂಬ ಮಾತನಾಡಿದರೆ ಅದನ್ನು ಮನೆಯ ನೆನಪೆಂದು ತಳ್ಳಿಹಾಕಬಾರದು. ಅಂತಹ ಸಂದರ್ಭದಲ್ಲಿ ಪೋಷಕರು ಅದೇ ದಿನ ಮೇಲ್ವಿಚಾರಕರನ್ನು ಸಂಪರ್ಕಿಸಿ, ಖುದ್ದಾಗಿ ಹೋಗಿ ಮಗುವನ್ನು ಕಾಣತಕ್ಕದ್ದು. ಸ್ಥಾನ ಉಳಿಸಿಕೊಳ್ಳುವುದಕ್ಕಿಂತ ಮಗುವಿನ ಸುರಕ್ಷತೆ ಮೊದಲು.

7. ರ‍್ಯಾಗಿಂಗ್ ಮತ್ತು ತಾರತಮ್ಯ

ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ. ಕರ್ನಾಟಕ ಶಿಕ್ಷಣ ಅಧಿನಿಯಮ, 1983 ಇದನ್ನು ನಿಷೇಧಿಸಿದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರಡಿಸಿದ್ದು, ಅದರಂತೆ ವಿದ್ಯಾರ್ಥಿ ಹಾಗೂ ಪೋಷಕರು ಪ್ರತಿ ಶೈಕ್ಷಣಿಕ ವರ್ಷ ಮುಚ್ಚಳಿಕೆ ಸಲ್ಲಿಸತಕ್ಕದ್ದು. ತಪ್ಪಿತಸ್ಥರನ್ನು ನಿಲಯದಿಂದ ಹೊರಹಾಕುವುದು, ಪರೀಕ್ಷೆಗೆ ಕೂರಿಸದಿರುವುದು, ಪ್ರವೇಶ ರದ್ದುಪಡಿಸುವುದು ಮುಂತಾದ ಕ್ರಮಗಳಿಗೆ ಇದರಲ್ಲಿ ಅವಕಾಶವಿದೆ. 2016ರ ತಿದ್ದುಪಡಿಯಂತೆ ಜಾತಿ, ಧರ್ಮ, ಮೈಬಣ್ಣ, ಲಿಂಗ, ಪ್ರದೇಶ, ಭಾಷೆ, ಆರ್ಥಿಕ ಹಿನ್ನೆಲೆ ಮುಂತಾದವುಗಳ ಆಧಾರದ ಮೇಲೆ ನೀಡುವ ದೈಹಿಕ ಅಥವಾ ಮಾನಸಿಕ ಹಿಂಸೆಯೂ ರ‍್ಯಾಗಿಂಗ್ ಎನಿಸುತ್ತದೆ. ಹಳ್ಳಿಯ ಮಾತಿನ ಧಾಟಿಯನ್ನು ಆಡಿಕೊಂಡು ಹಿಂಸಿಸುವುದನ್ನು ತಮಾಷೆಯೆಂದು ಸಹಿಸಿಕೊಳ್ಳುವ ಅಗತ್ಯವಿಲ್ಲ.

ಹಿರಿಯ ವಿದ್ಯಾರ್ಥಿಗಳೆಲ್ಲರನ್ನೂ ಸಂಶಯದಿಂದ ಕಾಣಬೇಕೆಂದು ಇದರ ಅರ್ಥವಲ್ಲ. ಹಳೆಯ ಪಠ್ಯಪುಸ್ತಕ ಕೊಡುವವರೂ, ಅರ್ಜಿ ತುಂಬಲು ನೆರವಾಗುವವರೂ ಅವರೇ ಆಗಿರುತ್ತಾರೆ.

8. ವ್ಯಾಸಂಗ

ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಾತಿಯನ್ನು ನಿಗದಿಪಡಿಸಿವೆ. ಮೊದಲ ತಿಂಗಳಿನಲ್ಲಿ ಪ್ರತಿ ವಾರವೂ ಊರಿಗೆ ಹೋಗಿ ಸೋಮವಾರದ ತರಗತಿ ತಪ್ಪಿಸಿಕೊಂಡವರಿಗೆ ವರ್ಷದ ಕೊನೆಯಲ್ಲಿ ಇದರ ಪರಿಣಾಮ ತಿಳಿಯುತ್ತದೆ. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದವರು ಪಾಠ ಅರ್ಥವಾಗದಿರುವುದನ್ನು ತಮ್ಮ ಅಸಾಮರ್ಥ್ಯವೆಂದು ಭಾವಿಸಬಾರದು. ಪ್ರತಿದಿನ ಪಾಠದಲ್ಲಿ ಬಂದ ಹೊಸ ಪಾರಿಭಾಷಿಕ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದಿಟ್ಟುಕೊಳ್ಳುವುದು ಹಾಗೂ ಉಪನ್ಯಾಸಕರಲ್ಲಿ ಸಂಕೋಚವಿಲ್ಲದೆ ಕೇಳುವುದು ಪರಿಣಾಮಕಾರಿ.

9. ನಿಲಯ ತೊರೆಯುವ ನಿರ್ಧಾರಕ್ಕೆ ಮುನ್ನ

ಬೇಸರ ಅಥವಾ ಕೋಪದ ದಿನದಂದು ಸ್ಥಾನ ಬಿಟ್ಟುಕೊಡುವ ಪತ್ರ ಬರೆದುಕೊಡಬಾರದು. ಮೊದಲು ಮೇಲ್ವಿಚಾರಕರಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಂಬಂಧಿಸಿದ ಇಲಾಖೆಯ ತಾಲ್ಲೂಕು ಹಾಗೂ ಜಿಲ್ಲಾ ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸುವುದು. ಕೊಠಡಿ ಬದಲಾವಣೆಯಿಂದಲೇ ಅನೇಕ ಸಮಸ್ಯೆಗಳು ಬಗೆಹರಿಯುತ್ತವೆ.

10. ನೆರವಿಗಾಗಿ ದೂರವಾಣಿ ಸಂಖ್ಯೆಗಳು

ರ‍್ಯಾಗಿಂಗ್ ವಿರೋಧಿ ರಾಷ್ಟ್ರೀಯ ಸಹಾಯವಾಣಿ: 1800-180-5522
ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416 (2022ರ ಅಕ್ಟೋಬರ್ 10ರಂದು ಆರಂಭ, ಕನ್ನಡದಲ್ಲಿ ಮಾತನಾಡಬಹುದು)
ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯ ತಡೆ ಸಹಾಯವಾಣಿ: 14566
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ, 18 ವರ್ಷದೊಳಗಿನವರಿಗೆ: 1098
ತುರ್ತು ಸೇವೆ: 112

ಈ ಸಂಖ್ಯೆಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ, ಮೇಲ್ವಿಚಾರಕರ ಹಾಗೂ ಪೋಷಕರ ಸಂಖ್ಯೆಗಳೊಂದಿಗೆ ಒಂದು ಚೀಟಿಯಲ್ಲಿ ಬರೆದು ಟ್ರಂಕಿನ ಮುಚ್ಚಳದ ಒಳಭಾಗಕ್ಕೆ ಅಂಟಿಸಿಕೊಳ್ಳುವುದು. ಅದೇ ಚೀಟಿಯ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇರಿಸತಕ್ಕದ್ದು.