ಸಿಗೂರು ಸೀಮೆಯ ರಣಹದ್ದು

ನಾನು ಹುಡುಗನಾಗಿದ್ದಾಗ ಮಸಿನಗುಡಿ ಕಡೆ ದನ ಸತ್ತರೆ ಯಾರೂ ಗುಂಡಿ ತೋಡುತ್ತಿರಲಿಲ್ಲ. ಊರಾಚೆ ಎಳೆದು ಹಾಕಿದರೆ ಸಾಕು, ಬಿಸಿಲು ಏರುವಷ್ಟರಲ್ಲಿ ಆಕಾಶದಲ್ಲಿ ಸುತ್ತು ಶುರು. ಮಾರನೆ ದಿನಕ್ಕೆ ಮೂಳೆ ಮಾತ್ರ. ನಮ್ಮಲ್ಲಿ ದನ ಸಾಕುತ್ತಿದ್ದದ್ದು ಹಾಲಿಗಿಂತ ಗೊಬ್ಬರಕ್ಕೆ. ಒಣ ಸಗಣಿ ಲಾರಿ ಹತ್ತಿ ತೋಟಗಳಿಗೆ ಹೋಗುತ್ತಿತ್ತು. ದನ ಹೆಚ್ಚು, ಸಾವೂ ಹೆಚ್ಚು, ಹದ್ದಿಗೆ ಹಬ್ಬ.

ಅವು ಯಾವಾಗ ಕಡಿಮೆಯಾದವು ಅಂದರೆ ಊರಲ್ಲಿ ಯಾರೂ ಇಸವಿ ಹೇಳಲಾರರು. ಹೆಣ ನಾರಿತು, ನಾಯಿ ಹೆಚ್ಚಿದವು, ಅಷ್ಟೇ ನೆನಪು.

ಇಸವಿ ನನಗೆ ತಿಳಿದದ್ದು ಪಕ್ಷಿ ನೋಡುವ ಹುಡುಗರು ಶಾಲೆಯಲ್ಲಿ ಏರ್ಪಡಿಸಿದ್ದ ಒಂದು ಭಾಷಣದಲ್ಲಿ. 1992ರಿಂದ 2007ರೊಳಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತಂತೆ. ಮೊದಲು ಏನೋ ರೋಗ ಅಂದುಕೊಂಡರು. 2004ರಲ್ಲಿ ಪಾಕಿಸ್ತಾನದಲ್ಲಿ ಕೆಲಸ ಮಾಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ನಿಜ ಕಾರಣ ತೋರಿಸಿದರು: ದನಕ್ಕೆ ಹಾಕುವ ನೋವಿನ ಮದ್ದು ಡೈಕ್ಲೋಫೆನಾಕ್. ಅದು ಇರುವ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದರು. "ಅಲ್ಲ ಸಾರ್, ನಾವೇನು ಹದ್ದು ಕೊಲ್ಲೋಕೆ ಸೂಜಿ ಹಾಕಿಸಿದ್ವಾ? ಎತ್ತು ಏಳ್ಲಿ ಅಂತ ಹಾಕಿಸಿದ್ದು."

ಯಾರೂ ಮಾತಾಡಲಿಲ್ಲ. ನನಗೆ ನಮ್ಮ ಕೆಂದ ಹಸುವಿನ ನೆನಪಾಯಿತು. ಕಾಲು ಬಿದ್ದಿತ್ತು, ಅಪ್ಪ ಸೂಜಿ ಹಾಕಿಸಿದರು, ಎರಡು ದಿನಕ್ಕೆ ಸತ್ತಿತು. ಎಳೆದು ಹಾಕಿದವರಲ್ಲಿ ನಾನೂ ಒಬ್ಬ.

ಒಂದು ಹೆಣದಿಂದ ಅಷ್ಟೊಂದು ಹೇಗೆ ಸಾಯುತ್ತವೆ ಅಂತ ನಾನೇ ಕೇಳಿದೆ. ಭಾಷಣದವರ ಉತ್ತರ ಇವತ್ತಿಗೂ ಮರೆತಿಲ್ಲ. ರಣಹದ್ದು ಊಟ ಹುಡುಕುವುದು ವಾಸನೆಯಿಂದಲ್ಲ, ಕಣ್ಣಿನಿಂದ. ನೆಲವನ್ನು ನೋಡುವಷ್ಟೇ ಪಕ್ಕದ ಹದ್ದನ್ನೂ ನೋಡುತ್ತಿರುತ್ತದೆ. ಒಂದು ಇಳಿದರೆ ದೂರದಲ್ಲಿರುವುದು ಇತ್ತ ತಿರುಗುತ್ತದೆ, ಅದನ್ನು ಕಂಡು ಇನ್ನೊಂದು. ಅವುಗಳನ್ನು ಬದುಕಿಸಿದ ಈ ಒಗ್ಗಟ್ಟೇ ಮುಳುವಾಯಿತು. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೋದದ್ದು ತುಂಬುವುದು ಹೇಗೆ?

ಸರ್ಕಾರ 2006ರಲ್ಲಿ ದನಕ್ಕೆ ಆ ಮದ್ದು ಬೇಡ ಅಂದಿತು. ಜನ ಮನುಷ್ಯರಿಗೆಂದು ಬರುವ ದೊಡ್ಡ ಸೀಸೆ ತಂದು ದನಕ್ಕೆ ಹಾಕಿಸಿದರು. 2015ರಲ್ಲಿ ಸೀಸೆಯನ್ನು 3 ಮಿಲಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ದನಕ್ಕೆ ನಿಷೇಧವಾದವು. ಹದ್ದಿಗೆ ತೊಂದರೆಯಿಲ್ಲದ ಮೆಲಾಕ್ಸಿಕ್ಯಾಮ್ ಇದೆ; ನಿಧಾನ ಅಂತ ನಮ್ಮವರ ಗೊಣಗಾಟ.

ಕರ್ನಾಟಕದಲ್ಲಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದಿನ ಧಾಮ ಮಾಡಿದರು. 'ಶೋಲೆ' ತೆಗೆದ ಬೆಟ್ಟ ಅಂದರೆ ಎಲ್ಲರಿಗೂ ಗೊತ್ತು, ಹದ್ದಿನ ಬೆಟ್ಟ ಅಂದರೆ ಗೊತ್ತಿಲ್ಲ! ನಮ್ಮ ಮೋಯಾರ್ ಕಣಿವೆಯಲ್ಲಿ ಬಿಳಿಬೆನ್ನಿನವು ಹೊಳೆದಂಡೆಯ ಮತ್ತಿಮರಗಳಲ್ಲಿ ಗೂಡು ಕಟ್ಟುತ್ತವೆ, ಉದ್ದಕೊಕ್ಕಿನವು ಬಂಡೆಯ ಮೇಲೆ. ಕೆಂಪುತಲೆಯದು ಜೋಡಿಯಾಗಿ ಬರುವುದೇ ಹೆಚ್ಚು. ತಮಿಳಿನಲ್ಲಿ ಇವಕ್ಕೆ 'ಪಾರು' ಅನ್ನೋ ಹಳೆ ಹೆಸರಿದೆ. ಈಗ ಬಳಕೆಯಲ್ಲಿರುವುದು ಹೆಣ ತಿನ್ನೋ ಹದ್ದು ಅನ್ನೋ ಅರ್ಥದ ಹೆಸರು. ನನಗೆ ಹಳೆಯದೇ ಇಷ್ಟ.

ಅಜ್ಜ ಕೊನೆಗೆ ಕೇಳಿದರು: "ಹಂಗಾದ್ರೆ ಸತ್ತ ದನ ಹೂಳೋದಾ, ಬಿಡೋದಾ?" ಸೂಜಿ ಬಿದ್ದಿದ್ದರೆ, ಯಾವ ಮದ್ದು ಅಂತ ಗೊತ್ತಿಲ್ಲದಿದ್ದರೆ ಹೂಳಿ, ಇಲ್ಲದಿದ್ದರೆ ಬಿಡಿ ಅಂದರು. ಹುಲಿ ಹಿಡಿದ ದನಕ್ಕೆ ಸಿಟ್ಟಲ್ಲಿ ವಿಷ ಹಾಕಬೇಡಿ, ಹುಲಿಗಿಂತ ಮೊದಲು ಹದ್ದು ಸಾಯುತ್ತದೆ ಅಂತಲೂ ಸೇರಿಸಿದರು.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯವರ ಹಸು ಸತ್ತಿತು. ಡಾಕ್ಟರು ಬರೆದ ಚೀಟಿ ಹುಡುಕಿಸಿದೆ. ಮೆಲಾಕ್ಸಿಕ್ಯಾಮ್ ಅಂತ ಇತ್ತು. ಹಳ್ಳದಾಚೆ ಎಳೆದು ಹಾಕಿ, ಮರದಡಿ ಕೂತು ಕಾದೆವು. ಮೂರು ಗಂಟೆ ಹೊತ್ತಿಗೆ ಎರಡು ಇಳಿದವು, ಆಮೇಲೆ ಇನ್ನೊಂದು.