ಹಡಗು ನಿಲ್ಲುವ ಊರು

ನಮ್ಮ ಕಳ್ಳಂಬೆಳ್ಳದ ಕಡೆಯವರಿಗೆ ನೀರೆಂದರೆ ಕೆರೆ. ಬಾವಿ, ಬೋರು, ನಲ್ಲಿ ಎಲ್ಲ ಆಮೇಲಿನವು. ಹೊಸಬರು ಕೆರೆ ಏರಿಯ ಮೇಲೆ ನಿಂತು ಅದರ ಉದ್ದ ಅಗಲ ನೋಡಿ ಬೆರಗಾಗುತ್ತಾರೆ. ಹಳಬರು ಹಾಗೆ ನೋಡುವುದಿಲ್ಲ. ಹೆಣ್ಣು ಕೊಡಲು ಇನ್ನೊಂದು ಊರಿಗೆ ಹೋದಾಗ ಅವರು ಅಲ್ಲಿನ ಏರಿಯನ್ನು ಕಣ್ಣೆತ್ತಿಯೂ ನೋಡದೆ, ಕೆರೆಗೆ ನೀರು ಬರುವ ಹಳ್ಳ ಯಾವುದು, ಮೇಲುಗಡೆ ಯಾರಾದರೂ ಕಟ್ಟೆ ಹಾಕಿಕೊಂಡಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಏರಿ ಎಷ್ಟು ಗಟ್ಟಿಯಾಗಿದ್ದರೇನು, ಹಳ್ಳ ಸತ್ತರೆ ಕೆರೆ ಸತ್ತ ಹಾಗೆ. ಉತ್ತರದ ಕಡಲತೀರದ ಕಾರವಾರವನ್ನು ನೋಡುವಾಗ ನನಗೆ ಈ ಲೆಕ್ಕವೇ ಮತ್ತೆ ಮತ್ತೆ ನೆನಪಾಯಿತು.

ನಮ್ಮ ಕಡೆಯಿಂದ ಕಾರವಾರಕ್ಕೆ ಹೋಗುವುದೆಂದರೆ ಶಿರಾ, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿ ಸೇರಬೇಕು. ಅಲ್ಲಿಂದ ಎಡಕ್ಕೆ ಹೊರಳಿ ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬರಬೇಕು. ಹುಬ್ಬಳ್ಳಿಯವರೆಗೆ ಎಲ್ಲ ನಮ್ಮದೇ ನೆಲ: ಶೇಂಗಾ, ಜೋಳ, ಹತ್ತಿ, ಒಣಗಾಳಿ. ಘಟ್ಟದಲ್ಲಿ ಬಸ್ಸು ತಿರುವುಗಳನ್ನು ಇಳಿಯುವಾಗ ಮಾತ್ರ ಬಯಲುಸೀಮೆಯವನಿಗೆ ಗೊತ್ತಾಗುತ್ತದೆ, ನಮ್ಮ ಹತ್ತಿ ಮೆಣಸಿನಕಾಯಿಗಳಿಗೂ ಸಮುದ್ರಕ್ಕೂ ನಡುವೆ ಇಂಥ ಒಂದು ಗೋಡೆ ಇದೆ ಎಂದು. ಕಾರವಾರದ ಚರಿತ್ರೆಯೆಲ್ಲ ಈ ಗೋಡೆಯಲ್ಲಿ ಬಾಗಿಲು ತೆರೆದ ಮತ್ತು ಮುಚ್ಚಿದ ಕಥೆಯೇ.

ಕಾಳಿ ನದಿ ಸಮುದ್ರ ಸೇರುವಲ್ಲಿ ಕೋಡಿಬಾಗ. ನಮಗೆ ಕೋಡಿ ಎಂದರೆ ಕೆರೆ ತುಂಬಿ ಹರಿಯುವ ಜಾಗ; ಹೆಸರು ಕೇಳಿಯೇ ಅರ್ಧ ಪರಿಚಯವಾದ ಹಾಗಾಯಿತು. ಅಲ್ಲಿಂದ ಪ್ರವಾಸಿಗಳ ದೋಣಿಯಲ್ಲಿ ಹೊರಟೆವು. ದೋಣಿಯವನು ಕೊಂಕಣಿ ಬೆರೆತ ಕನ್ನಡದಲ್ಲಿ ಯಾವೂರೆಂದು ಕೇಳಿದ.

"ಶಿರಾದ ಹತ್ತಿರ."

"ಶಿರಸಿಯಾ? ಹಾಗಾದ್ರೆ ನಮ್ಮ ಜಿಲ್ಲೆಯವ್ರೇ ಅಲ್ಲವೋ!"

"ಶಿರಸಿಯಲ್ಲಪ್ಪ, ಶಿರಾ. ತುಮಕೂರು ಜಿಲ್ಲೆ."

ಅವನಿಗೆ ಅದು ಎಲ್ಲಿದೆಯೆಂದು ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇಲ್ಲ. ಆದರೆ ಅವನು ಬಲಗಡೆಗೆ ಬೆರಳು ತೋರಿಸಿ "ಅದು ಸದಾಶಿವಗಡ" ಎಂದಾಗ, ನಮ್ಮ ಶಿರಾಕ್ಕೂ ಆ ಗುಡ್ಡಕ್ಕೂ ಒಂದು ಕಾಲದಲ್ಲಿ ನಂಟಿತ್ತೆಂದು ಹೇಳಬೇಕೆನಿಸಿತು. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾದ ನವಾಬಗಿರಿಯನ್ನು 1761ರಲ್ಲಿ ಬಸಾಲತ್ ಜಂಗ್ ಹೈದರನಿಗೆ ಕೊಟ್ಟ. ಆಗ ಶಿರಾ ಇನ್ನೂ ಮರಾಠರ ಕೈಯಲ್ಲಿತ್ತು. ಕೊಟ್ಟವನಿಗೂ ಅದು ತನ್ನದಾಗಿರಲಿಲ್ಲ. ಹೈದರ್ ಅದನ್ನು ಗೆದ್ದು ನಿಜ ಮಾಡಿಕೊಂಡ. ಎರಡೇ ವರ್ಷಕ್ಕೆ, 1763ರಲ್ಲಿ, ಬಿದನೂರನ್ನು ಹಿಡಿದು ಘಟ್ಟ ಇಳಿದ. ಸೋದೆಯ ಅರಸ ಗೋವೆಗೆ ಓಡಿಹೋದ, ಸದಾಶಿವಗಡ ಹೈದರನದಾಯಿತು. ಒಣನಾಡಿನ ನವಾಬನೊಬ್ಬ ಹಡಗು ಕಟ್ಟಿಸುವ ಯೋಚನೆ ಮಾಡಿದ್ದು ಈ ಕರಾವಳಿ ಕೈಗೆ ಬಂದಮೇಲೆ.

ಕೋಟೆ ಹೈದರನಿಗಿಂತ ಹಳೆಯದು. 1715ರಲ್ಲಿ ಸೋದೆಯ ಬಸವಲಿಂಗರಾಜ ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರಿಟ್ಟ. ಅದು ಕಟ್ಟಿದ ಮೇಲೆ ನದಿಯ ಬಾಯಿ ಸೋದೆಯವರ ಮುಷ್ಟಿಗೆ ಬಂತು. ಒಳಗಿನ ಇಂಗ್ಲಿಷರ ಕೋಠಿಗೆ ಉಸಿರು ಕಟ್ಟಿತು. ಆ ಕೋಠಿ ಇದ್ದದ್ದು ಈಗಿನ ಕಾರವಾರದಲ್ಲಲ್ಲ, ಕಾಳಿ ನದಿಯ ದಡದಲ್ಲಿ ಒಳಗಡೆ ಇರುವ ಕಡವಾಡದಲ್ಲಿ. ಕಾರವಾರ ಎಂಬ ಹೆಸರೂ ಅದರಿಂದಲೇ ಬಂದದ್ದೆಂದು ಹೇಳುತ್ತಾರೆ. 1638ರಲ್ಲಿ ಸೋದೆಯ ಮೆಣಸಿನ ಆಸೆಗೆ ವಿಲಿಯಂ ಕೋರ್ಟೀನನ ಕಂಪನಿಯವರು ಅಲ್ಲಿ ಕೋಠಿ ಹಾಕಿದರು. 1660ರ ಹೊತ್ತಿಗೆ ಪಶ್ಚಿಮ ಇಂಡಿಯಾದ ಅತಿ ನವುರಾದ ಮಸ್ಲಿನ್ ಬಟ್ಟೆ ಅಲ್ಲಿಂದ ಹಡಗು ಹತ್ತುತ್ತಿತ್ತು. ನೇಯುತ್ತಿದ್ದವರು ಕಡಲತೀರದವರಲ್ಲ. ಹುಬ್ಬಳ್ಳಿ ಮೊದಲಾದ ಕಡೆ 50,000 ನೇಕಾರರು ಈ ವ್ಯಾಪಾರಕ್ಕಾಗಿ ಮಗ್ಗ ಹೂಡಿದ್ದರೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಆ ಸಂಖ್ಯೆಯನ್ನು ಓದಿದಾಗ ನನಗೆ ಹಡಗಿಗಿಂತ ಮೊದಲು ಎತ್ತುಗಳು ಕಣ್ಣಿಗೆ ಕಟ್ಟಿದವು. ಅಷ್ಟು ಬಟ್ಟೆ ಘಟ್ಟ ಇಳಿಯಬೇಕಾದರೆ ಎಷ್ಟು ಎತ್ತಿನ ಹೇರು ಬೇಕು! ಹಳ್ಳ ತುಂಬಿ ಹರಿಯುತ್ತಿದ್ದುದರಿಂದಲೇ ಕೆರೆ ತುಂಬಿತ್ತು.

ಇಂಥ ಕಡೆ ಎಲ್ಲರ ಕಣ್ಣೂ ಬೀಳುತ್ತದೆ. 1665ರಲ್ಲಿ ಶಿವಾಜಿ ಬಂದು ಕಾಣಿಕೆ ಎತ್ತಿದಾಗ ಇಂಗ್ಲಿಷರ ಪಾಲಿಗೆ ಬಂದದ್ದು 1120 ರೂಪಾಯಿ. 1674ರಲ್ಲಿ ಅವನು ಊರನ್ನೇ ಸುಟ್ಟ. ಕೋಠಿಯನ್ನು ಮಾತ್ರ ಮುಟ್ಟಲಿಲ್ಲ. 1684ರಲ್ಲಿ ಒಂದು ಸಣ್ಣ ಹಡಗಿನ ಆಳುಗಳು ಹಸುವೊಂದನ್ನು ಕದ್ದು ಕೊಂದದ್ದರಿಂದ ಇಂಗ್ಲಿಷರು ಊರನ್ನೇ ಬಿಡಬೇಕಾದ ಗತಿ ಬಂದಿತ್ತು. ದೊಡ್ಡ ದೊಡ್ಡ ಕೋಟೆಗಳನ್ನು ಎದುರಿಸಿದವರು ಒಂದು ಹಸುವಿನ ದೆಸೆಯಿಂದ ಗಂಟು ಕಟ್ಟಬೇಕಾದದ್ದು ಚರಿತ್ರೆಯ ತಮಾಷೆ. 1720ರಲ್ಲಿ ಕೋಠಿ ಎದ್ದೇಹೋಯಿತು. 1750ರಲ್ಲಿ ಮತ್ತೆ ಬಂದರು. 1752ರಲ್ಲಿ ಪೋರ್ತುಗೀಸರು ಸದಾಶಿವಗಡ ಹಿಡಿದು ವ್ಯಾಪಾರವೆಲ್ಲ ನಮ್ಮದೆಂದಾಗ ಮತ್ತೆ ಹೋದರು. 1800ರಲ್ಲಿ ನಮ್ಮ ಶಿರಾ, ಮಧುಗಿರಿಗಳನ್ನು ನೋಡಿಹೋದ ಬುಕಾನನ್ ಮರುವರ್ಷ ಇಲ್ಲಿಗೆ ಬಂದ. ಆ ಹೊತ್ತಿಗೆ ಹಳೆಯ ಕಾರವಾರ ಪಾಳುಬಿದ್ದಿತ್ತು. ಒಂದೇ ಪ್ರವಾಸದಲ್ಲಿ ಅವನು ಎರಡು ಹಾಳು ವೈಭವಗಳನ್ನು ಕಂಡ: ಒಳನಾಡಿನದೊಂದು, ಕಡಲಿನದೊಂದು.

ದೋಣಿ ಸ್ವಲ್ಪ ಹೊರಕ್ಕೆ ಹೋದರೆ ದೀಪಸ್ತಂಭದ ದೇವಗಡ ದ್ವೀಪ. ತೆಂಕಣ ದಿಕ್ಕಿಗೆ ದೂರದಲ್ಲಿ ಅಂಜುದೀವು. ಅಂಜುದೀವಿಗೆ ಹೋಗುವಂತಿಲ್ಲ, ಅದು ನೌಕಾಪಡೆಯ ವಶದಲ್ಲಿದೆ. ಹಡಗುಗಳು ನಿಂತು ಹೋಗುವ ಜಾಗ ಹೇಗಿರುತ್ತದೆಂದು ತಿಳಿಯಬೇಕಾದರೆ ಆ ದ್ವೀಪದ ಕಥೆ ಸಾಕು. 1498ರಲ್ಲಿ ಊರಿಗೆ ಮರಳುತ್ತಿದ್ದ ವಾಸ್ಕೋ ಡ ಗಾಮ ನೀರು ತುಂಬಿಕೊಂಡು ಹಡಗು ರಿಪೇರಿ ಮಾಡಿಕೊಳ್ಳಲು ಅಲ್ಲಿ ತಂಗಿದ. 1662ರಲ್ಲಿ ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಸರ್ ಅಬ್ರಹಾಂ ಶಿಪ್‌ಮನ್, ಪೋರ್ತುಗೀಸರು ಕೊಡದೆ ಸತಾಯಿಸಿದ್ದರಿಂದ, ಸುಮಾರು 400 ಸಿಪಾಯಿಗಳೊಂದಿಗೆ ಅಂಜುದೀವಿನಲ್ಲಿ ಇಳಿದ. ನಾಲ್ಕು ದಿನ ಇದ್ದು ಹೋಗುವ ಲೆಕ್ಕದಲ್ಲಿ ಇಳಿದವರು ಎರಡು ಮಳೆಗಾಲ ಕಳೆಯಬೇಕಾಯಿತು. ಜ್ವರ, ಮಳೆ, ಅನ್ನದ ಕೊರತೆ. 1664ರಲ್ಲಿ ಶಿಪ್‌ಮನ್ನನೂ ಸತ್ತ. 1665ರಲ್ಲಿ ಮುಂಬಯಿ ಇಂಗ್ಲಿಷರ ಕೈಸೇರಿದಾಗ ಅಲ್ಲಿಗೆ ತಲುಪಿದವರು ನೂರರ ಆಸುಪಾಸು ಮಂದಿ. ಮುಂಬಯಿಯ ಮೊದಲ ಬೆಲೆ ಕಾರವಾರದ ಎದುರಿನ ಈ ಬಂಡೆಯ ಮೇಲೆ ಸಂದಾಯವಾಯಿತು.

ಈಗಿನ ಕಾರವಾರ ಹುಟ್ಟಿದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಧಾರವಾಡದ ಹತ್ತಿಗೆ ಹತ್ತಿರದ ಒಳ್ಳೆಯ ಬಂದರು ಯಾವುದೆಂದು ನಕಾಶೆ ಬಿಚ್ಚಿದವರ ಬೆರಳು ಬಿದ್ದದ್ದು ಕಾರವಾರದ ಮೇಲೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಒತ್ತುವ ಪ್ರೆಸ್ಸುಗಳನ್ನು ಸಮುದ್ರದ ಮೇಲೆ ತಂದಿಳಿಸಿದರು. ಪ್ರೆಸ್ಸು ಬಂತು, ಘಟ್ಟದ ರಸ್ತೆ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯಲಿಲ್ಲ. ಕಂಪನಿಯೇ ಕೆಲವು ವರ್ಷಗಳಲ್ಲಿ ಮುಚ್ಚಿತು. ಯುದ್ಧ ಮುಗಿದು ಹತ್ತಿಯ ಬೆಲೆ ಇಳಿದ ಮೇಲೆ ಅವಸರವೂ ಇಳಿಯಿತು. ಆಮೇಲೆ ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲಿನ ಮಾತು ಬಹಳ ವರ್ಷ ನಡೆಯಿತು. ಕೊನೆಗೆ ರೈಲು ಇಳಿದದ್ದು ಕ್ಯಾಸಲ್‌ರಾಕಿನ ಮೇಲೆ ಗೋವೆಯ ಮುರಗಾಂವಿಗೆ, 1880ರ ದಶಕದಲ್ಲಿ. ಘಟ್ಟದ ಮೇಲಿನ ಸರಕೆಲ್ಲ ಅದರ ಬೆನ್ನು ಹಿಡಿದು ಹೋಯಿತು. ಮೇಲುಗಡೆ ಬೇರೆಯವರು ಕಟ್ಟೆ ಹಾಕಿಕೊಂಡರೆ ಕೆಳಗಿನ ಕೆರೆಗೆ ಆಗುವುದು ಇದೇ.

ಇದು ನಮಗೆ ಹೊಸ ಮಾತಲ್ಲ. ಅದೇ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹೊರಟ ರೈಲು ತುಮಕೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆಯ ದಾರಿ ಹಿಡಿಯಿತು. ಸುಬಾದ ರಾಜಧಾನಿಯಾಗಿದ್ದ ಶಿರಾ ಪಕ್ಕಕ್ಕೆ ಉಳಿಯಿತು. ತಿಪಟೂರಿನ ಕೊಬ್ಬರಿ ಮಂಡಿ ಬೆಳೆದದ್ದನ್ನೂ ಶಿರಾದ ಹಳೆಯ ಪೇಟೆ ಸೊರಗಿದ್ದನ್ನೂ ನಮ್ಮ ಹಿರಿಯರು ಒಟ್ಟಿಗೇ ನೋಡಿದರು. ಕಾರವಾರದವರು ಮುರಗಾಂವನ್ನು ನೋಡಿದಂತೆಯೇ.

ಸರಕು ಹೋದರೂ ಬಹುಕಾಲ ಜನ ಹಡಗಿನಲ್ಲಿಯೇ ಓಡಾಡಿದರು. ಮಳೆಗಾಲ ಕಳೆದ ಮೇಲೆ ಮುಂಬಯಿಯ ಆಗಬೋಟುಗಳು ಬರುತ್ತಿದ್ದವು. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು. 'ಪ್ರಕೃತಿರ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿಯೇ. ಅದರ ಕೆಲವು ಹಾಡುಗಳನ್ನು ಮರಳುವಾಗ ಹಡಗಿನ ಅಟ್ಟದ ಮೇಲೆ ಕುಳಿತು ಕಟ್ಟಿದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಊರಿನ ಕಡಲತೀರಕ್ಕೆ ಇವತ್ತು ಅವರ ಹೆಸರಿದೆ. ಮಸ್ಲಿನ್ನಿನ ನೇಕಾರರಲ್ಲಿ ಒಬ್ಬನ ಹೆಸರೂ ಯಾವ ಬೀದಿಗೂ ಇಲ್ಲ.

ಹಡಗಿನ ಆ ದಾರಿ ಯಾವಾಗಲೂ ಶಾಂತವಾಗಿರಲಿಲ್ಲ. 1961ರ ನವೆಂಬರಿನಲ್ಲಿ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಂಜುದೀವಿನ ಪೋರ್ತುಗೀಸರು ಗುಂಡು ಹಾರಿಸಿದರು. ಡಿಸೆಂಬರ್ 18ರಂದು ನೌಕಾಪಡೆಯ ತ್ರಿಶೂಲ್ ಮತ್ತು ನಮ್ಮ ಸೀಮೆಯ ಹೆಸರು ಹೊತ್ತ ಮೈಸೂರ್ ಹಡಗುಗಳು ಅಲ್ಲಿಗೆ ಹೋದವು. ದ್ವೀಪ ವಶವಾಗುವಷ್ಟರಲ್ಲಿ ಏಳು ನಾವಿಕರು ಸತ್ತಿದ್ದರು.

ಬಂದರೆಂದು ಕಾರವಾರ ಕಟ್ಟಕಡೆಗೆ ಗೆದ್ದದ್ದು ಹತ್ತಿಯಿಂದಲೂ ಅಲ್ಲ, ಪ್ರಯಾಣಿಕರಿಂದಲೂ ಅಲ್ಲ. 1986ರಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆಯಾಗಿ, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಯುದ್ಧದ ಹಡಗಿಗೆ ಹುಬ್ಬಳ್ಳಿಯ ಮಗ್ಗವೂ ಬೇಡ, ಧಾರವಾಡದ ಹತ್ತಿಯೂ ಬೇಡ. ಅದಕ್ಕೆ ಆಳವಾದ ನೀರು ಮತ್ತು ಮರೆ ಸಾಕು. ಹಾಗಾಗಿ ಘಟ್ಟದ ಬಾಗಿಲು ತೆರೆಯದೆಯೇ ಅದು ಬೆಳೆಯಿತು. ಬೆಳೆಯಲು ಬೇಕಾದ ಜಾಗವನ್ನು ಬಿಟ್ಟುಕೊಟ್ಟವರು ಕಾರವಾರ ಅಂಕೋಲೆಗಳ ನಡುವಿನ ಹಳ್ಳಿಗಳ ಸಾವಿರಾರು ಕುಟುಂಬಗಳು, ಮೀನುಗಾರರು ಮತ್ತು ಗದ್ದೆಯವರು. ಅವರ ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. 2020ರ ಜನವರಿಯಲ್ಲಿ ಬೈತಖೋಲದ ವಾಣಿಜ್ಯ ಬಂದರಿನ ವಿಸ್ತರಣೆ ಶುರುವಾದಾಗ ಕಾರವಾರದ ಮೀನುಗಾರರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಉಳಿದಿರುವ ಒಂದು ದಂಡೆಯೂ ಹೋದರೆ ದೋಣಿ ಎಲ್ಲಿ ಎಳೆಯುವುದು ಎಂಬುದು ಅವರ ಪ್ರಶ್ನೆ. ಈಗ ಮುಂಬಯಿ, ಮುರಗಾಂವ್, ಮಂಗಳೂರಿಗೆ ಬರುವ ದೊಡ್ಡ ವಿಹಾರದ ಹಡಗುಗಳನ್ನು ಇಲ್ಲಿಯೂ ನಿಲ್ಲಿಸಬೇಕೆಂಬ ಆಸೆ ಇರುವವರೂ ಇದ್ದಾರೆ. ಅಂಥ ಹಡಗಿನವರು ಬೆಳಿಗ್ಗೆ ಇಳಿದು ಸಂಜೆಗೆ ಹತ್ತುವವರು. ಊರು ಅವರನ್ನು ನಂಬಿ ಕೂರಲಾಗದು.

ಘಟ್ಟದ ದಾರಿಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಹುಬ್ಬಳ್ಳಿ-ಅಂಕೋಲಾ ರೈಲು 1990ರ ದಶಕದ ಕೊನೆಯಲ್ಲಿ ಮಂಜೂರಾದದ್ದು, ಕಾಡಿನ ಪ್ರಶ್ನೆಯಲ್ಲಿ ಕೋರ್ಟಿನ ಮೆಟ್ಟಿಲೇರಿತು. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಲಾರಿಯ ಚಾಲಕ ಬದುಕಿದ. ದಾರಿ ಅಗಲ ಮಾಡಿ ಎನ್ನುವ ನಮ್ಮಂಥ ಒಳನಾಡಿನವರು ಈ ಗುಡ್ಡದ ಮಾತನ್ನೂ ಕೇಳಬೇಕು.

ಈ ಮಾತು ಹೇಳುವಾಗ ನನಗೆ ನಮ್ಮ ಕೆರೆ ಅಡ್ಡ ಬರುತ್ತದೆ. ಕಳ್ಳಂಬೆಳ್ಳದ ಕೆರೆಗೆ ಈಗ ಹೇಮಾವತಿ ನಾಲೆಯ ನೀರು ಬರುತ್ತದೆ. ಆ ನೀರಿಗಾಗಿ ಗೊರೂರಿನ ಬಳಿ ಅಣೆಕಟ್ಟಿನಲ್ಲಿ ಮುಳುಗಿದ ಹಳ್ಳಿಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನೀರು ಬಂದ ದಿನ ತೂಬಿಗೆ ಪೂಜೆ ಮಾಡುತ್ತೇವೆ, ಹಬ್ಬದ ಊಟ ಮಾಡುತ್ತೇವೆ. ಬಂದ ದಾರಿಯ ಲೆಕ್ಕ ಯಾರೂ ಇಡುವುದಿಲ್ಲ. ಬಂದರಿನ ವಿಷಯದಲ್ಲಿಯೂ ಹಾಗೆಯೇ. ಹಡಗು ನಿಂತ ದಿನ ಎಲ್ಲರಿಗೂ ನೆನಪಿರುತ್ತದೆ, ಅದು ನಿಲ್ಲಲೆಂದು ಜಾಗ ಬಿಟ್ಟವರು ನೆನಪಿರುವುದಿಲ್ಲ.

ಕಾರವಾರಕ್ಕೆ ಹೋಗುವವರು ಕಡಲತೀರ ನೋಡಿ, ದೇವಗಡಕ್ಕೆ ಹೋಗಿಬನ್ನಿ, ಮೀನೂಟವನ್ನೂ ಮಾಡಿ. ಸಮಯವಿದ್ದರೆ ಕಾಳಿ ನದಿಯ ದಡ ಹಿಡಿದು ಕಡವಾಡದವರೆಗೆ ಹೋಗಿ. 1638ರ ಕೋಠಿಯ ಕುರುಹೆಂದು ಹೇಳಿಕೊಳ್ಳುವಂಥದು ಹೆಚ್ಚೇನೂ ಅಲ್ಲಿಲ್ಲ. ನದಿ ಇದೆ, ಗದ್ದೆ ಇದೆ, ತೆಂಗಿದೆ. ಅಲ್ಲಿ ನಿಂತು ಮೂಡಣಕ್ಕೆ, ಘಟ್ಟದ ಕಡೆಗೆ ಮುಖ ಮಾಡಿ. ಆ ಬಟ್ಟೆ ಬಂದದ್ದು ಆ ಕಡೆಯಿಂದ.